ಎಣ್ಣೆಯ ಪದರ ಸೋಲುವ ಜಾಗಗಳು

1883ರಲ್ಲಿ ಬೀಚಮ್ ಟವರ್ ಎಂಬ ಬ್ರಿಟಿಷ್ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗ್‌ಗಳಲ್ಲಿ ತಿಕ್ಕಾಟ ಎಷ್ಟಿರುತ್ತದೆ ಎಂದು ಅಳೆಯುತ್ತಿದ್ದರು. ಅಚ್ಚಿನ ಕೆಳಭಾಗ ಎಣ್ಣೆಯ ತೊಟ್ಟಿಯಲ್ಲಿ ಅದ್ದಿಕೊಂಡು ತಿರುಗುತ್ತಿತ್ತು. ಬೇರಿಂಗಿನ ನೆತ್ತಿಯಲ್ಲಿ ಎಣ್ಣೆ ಬಿಡಲೆಂದು ಒಂದು ತೂತು ಕೊರೆದಿದ್ದರು. ಆ ತೂತಿನಿಂದ ಎಣ್ಣೆ ಒಳಗಿಳಿಯಲಿಲ್ಲ, ಮೇಲಕ್ಕೆ ಉಕ್ಕತೊಡಗಿತು. ಬಿರಡೆ ಹಾಕಿದರು, ಅದು ಮೆಲ್ಲಗೆ ಎದ್ದು ಹೊರಬಂತು. ಮರದ ಗೂಟ ಬಡಿದರು, ಅದೂ ಹೊರಬಂತು. ಕೊನೆಗೆ ಮಾಪಕ ಜೋಡಿಸಿ ನೋಡಿದರೆ, ಅಲ್ಲಿನ ಎಣ್ಣೆಯ ಒತ್ತಡ ಬೇರಿಂಗಿನ ಮೇಲಿದ್ದ ಸರಾಸರಿ ಹೊರೆಯ ಎರಡು ಪಟ್ಟನ್ನೂ ಮೀರಿತ್ತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಕಿರಿದಾದ ಸಂದಿಗೆ ಎಳೆದುಕೊಂಡು ಅದರ ಮೇಲೆ ತೇಲುತ್ತಿತ್ತು. ಮೂರು ವರ್ಷದ ಮೇಲೆ, 1886ರಲ್ಲಿ, ಆಸ್ಬರ್ನ್ ರೆನಾಲ್ಡ್ಸ್ ಇದರ ಗಣಿತವನ್ನು ಬಿಡಿಸಿಟ್ಟರು.

ಗಾಡಿಯ ಎಂಜಿನ್ನಿಗೆ ಸಿಂಥೆಟಿಕ್ ಎಣ್ಣೆ ಒಳ್ಳೆಯದೋ ಮಿನರಲ್ ಎಣ್ಣೆ ಒಳ್ಳೆಯದೋ ಎಂಬ ವಾದ ಎದ್ದಾಗಲೆಲ್ಲ ಆ ಮರದ ಗೂಟ ನೆನಪಾಗುತ್ತದೆ. ಈಗಿನ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ತಿರುಗುವುದೂ ಹಾಗೆಯೇ. ಅದಕ್ಕೂ ಅದನ್ನು ಸುತ್ತುವರಿದ ಲೋಹದ ಬಳೆಗೂ, ಅಂದರೆ ಬೇರಿಂಗ್ ಷೆಲ್ಲಿಗೂ, ನಡುವಿನ ಸಂದು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ನೂರರಲ್ಲಿ ಎರಡರಿಂದ ಏಳು ಭಾಗ. ಹೊರೆ ಬಿದ್ದ ಕಡೆ ಎಣ್ಣೆಯ ಪದರ ಕೆಲವೇ ಮೈಕ್ರಾನಿಗೆ ಇಳಿಯುತ್ತದೆ. ಆದರೂ ಆ ಪದರ ಇರುವಷ್ಟು ಹೊತ್ತು ಲೋಹಕ್ಕೆ ಲೋಹ ತಾಗುವುದಿಲ್ಲ, ಸವೆತ ಇಲ್ಲವೆನ್ನುವಷ್ಟು ಕಡಿಮೆ. ಆ ಪದರಕ್ಕೆ ಬೇಕಾದದ್ದು ಮೂರೇ: ವೇಗ, ಹೊರೆ, ಎಣ್ಣೆಯ ಸ್ನಿಗ್ಧತೆ (ವಿಸ್ಕಾಸಿಟಿ), ಅಂದರೆ ಅದು ಎಷ್ಟು ದಪ್ಪ ಎಂಬುದು. ಎಣ್ಣೆ ನೆಲದಿಂದ ಬಂದ ಕಚ್ಚಾತೈಲದ್ದೋ ಕಾರ್ಖಾನೆಯಲ್ಲಿ ಅಣುಅಣುವಾಗಿ ಕಟ್ಟಿದ್ದೋ ಎಂಬುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಬಿಸಿಯೇರಿದ ಎಂಜಿನ್ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುತ್ತಿರುವಾಗ, ಸರಿಯಾದ ಗ್ರೇಡಿನ ಮಿನರಲ್ ಆಯಿಲ್ ಆ ಬೇರಿಂಗನ್ನು ಸಿಂಥೆಟಿಕ್ಕಿನಷ್ಟೇ ಚೆನ್ನಾಗಿ ಕಾಯುತ್ತದೆ.

ಹಾಗಾದರೆ ಎಂಜಿನ್ ಸವೆಯುವುದು ಎಲ್ಲಿ? ಪದರ ನಿಲ್ಲದ ಜಾಗಗಳಲ್ಲಿ, ಪದರ ಇನ್ನೂ ಕಟ್ಟಿಕೊಳ್ಳದ ಹೊತ್ತಿನಲ್ಲಿ.

ಪಿಸ್ಟನ್ ಮೇಲಿನ ತುದಿಗೆ ಹೋಗಿ ಹಿಂದಿರುಗುವ ಕ್ಷಣದಲ್ಲಿ ಅದರ ವೇಗ ಸೊನ್ನೆ. ವೇಗವಿಲ್ಲದಿದ್ದರೆ ತೇಲುವುದೂ ಇಲ್ಲ. ಸಾಲದ್ದಕ್ಕೆ ದಹನದ ಒತ್ತಡ ಪಿಸ್ಟನ್ನಿನ ರಿಂಗನ್ನು ಸಿಲಿಂಡರಿನ ಗೋಡೆಗೆ ಒತ್ತುವುದೂ, ಉರಿಯ ಬಿಸಿ ತಾಗುವುದೂ ಅಲ್ಲಿಯೇ. ಹಳೆಯ ಎಂಜಿನ್ ಬಿಚ್ಚಿದಾಗ ಸಿಲಿಂಡರಿನ ಮೇಲ್ತುದಿಯಲ್ಲಿ ಉಗುರಿಗೆ ಸಿಗುವ ಮೆಟ್ಟಿಲು ಮೂಡುವುದು ಇದರಿಂದ. ಕ್ಯಾಮ್‌ಶಾಫ್ಟಿನ ಮೂಗು, ವಾಲ್ವನ್ನು ತಳ್ಳುವ ಟ್ಯಾಪೆಟ್ ಮೇಲೆ ಜಾರುವ ಗೆರೆಯೂ, ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನಿನ ಪಿನ್ನುಗಳೂ ಇಂಥವೇ. ಇಲ್ಲಿ ಕಾಯುವುದು ಎಣ್ಣೆಯಲ್ಲಿ ಕರಗಿಸಿದ ರಾಸಾಯನಿಕಗಳು, ಮುಖ್ಯವಾಗಿ ಜಿಂಕ್ ಡೈಆಲ್ಕೈಲ್ ಡೈಥಯೋಫಾಸ್ಫೇಟ್. ಬಾಯ್ತುಂಬ ಹೇಳುವಷ್ಟು ಉದ್ದದ ಹೆಸರು, ಆದ್ದರಿಂದ ಕಸುಬಿನವರು ಜಡ್‌ಡಿಡಿಪಿ ಎನ್ನುತ್ತಾರೆ. ತಿಕ್ಕಾಟ ಮತ್ತು ಬಿಸಿ ಎರಡೂ ಸೇರಿದ ಕಡೆ ಅದು ಒಡೆದು, ಲೋಹದ ಮೇಲೆ ನೂರು ನ್ಯಾನೊಮೀಟರ್ ಆಸುಪಾಸಿನ ಗಾಜಿನಂಥ ಫಾಸ್ಫೇಟ್ ಪೊರೆ ಕಟ್ಟುತ್ತದೆ. ಸವೆಯುವುದು ಆ ಪೊರೆ, ಕೆಳಗಿನ ಉಕ್ಕಲ್ಲ. ಸವೆದಂತೆಲ್ಲ ಮತ್ತೆ ಕಟ್ಟಿಕೊಳ್ಳುತ್ತದೆ.

ಮಿನರಲ್ ಆಯಿಲಿನಲ್ಲಿ ಇರುವುದೂ ಇದೇ ಜಡ್‌ಡಿಡಿಪಿ, ಸಿಂಥೆಟಿಕ್ಕಿನಲ್ಲಿ ಇರುವುದೂ ಇದೇ. ಎಪಿಐ, ಅಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಕೊಡುವ ಒಂದೇ ದರ್ಜೆಯ ಎರಡು ಡಬ್ಬಿಗಳೂ ಒಂದೇ ಸವೆತದ ಪರೀಕ್ಷೆ ಪಾಸಾಗಿರಬೇಕು. ಹೀಗಾಗಿ ಕ್ಯಾಮಿನ ಮೂಗಿನ ಮಟ್ಟಿಗೂ 'ಸಿಂಥೆಟಿಕ್' ಎಂಬ ಒಂದೇ ಪದ ನಿರ್ಣಾಯಕವಲ್ಲ. ಎಸ್ಟರ್ ಎಂಬ ಸಿಂಥೆಟಿಕ್ ದ್ರವ ಬೆರೆತ ದುಬಾರಿ ಎಣ್ಣೆಗಳ ಬಗ್ಗೆ ಇಲ್ಲೊಂದು ಮಾತು ಹೇಳಬೇಕು. ಎಸ್ಟರ್ ಲೋಹಕ್ಕೆ ಅಂಟಿಕೊಳ್ಳುತ್ತದೆ ಎಂಬ ಹೊಗಳಿಕೆ ನಿಜ. ಆದರೆ ಅದೇ ಮೇಲ್ಮೈಗಾಗಿ ಅದು ಜಡ್‌ಡಿಡಿಪಿಯ ಜೊತೆ ಪೈಪೋಟಿಗೂ ಇಳಿಯುತ್ತದೆ. ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಬೇರೆ ಬೇರೆ ಅಡಿಟಿವ್ ಬಾಟಲಿಗಳನ್ನು ತಂದು ಸುರಿಯಬಾರದು ಎನ್ನುವುದಕ್ಕೂ ಇದೇ ಕಾರಣ. ತಯಾರಕರು ತೂಗಿ ನೋಡಿ ಇಟ್ಟ ಹದ ಕೆಡುತ್ತದೆ.

ಇನ್ನು ಡಬ್ಬಿಯ ಮೇಲಿನ ಆ ಪದಕ್ಕೆ ಬರೋಣ. ಎಪಿಐ ಮೂಲ ಎಣ್ಣೆಗಳನ್ನು ಐದು ಗುಂಪು ಮಾಡುತ್ತದೆ. ಮೊದಲ ಗುಂಪು ದ್ರಾವಕದಿಂದ ಶುದ್ಧಿ ಮಾಡಿದ ಹಳೆಯ ಬಗೆ. ಎರಡನೆಯದು ಹೈಡ್ರೋಜನ್ ಹಾಯಿಸಿ ಶುದ್ಧಿ ಮಾಡಿದ್ದು, ಅದರಲ್ಲಿ ಗಂಧಕ ಶೇ. 0.03ಕ್ಕಿಂತ ಹೆಚ್ಚಿರಬಾರದು. ಮೂರನೆಯದು ಅದನ್ನೇ ಇನ್ನೂ ಕಠಿಣವಾಗಿ ಮಾಡಿ, ವಿಸ್ಕಾಸಿಟಿ ಇಂಡೆಕ್ಸನ್ನು (ಇದು ಹೆಚ್ಚಿದಷ್ಟೂ ಎಣ್ಣೆ ಬಿಸಿಗೆ ತೆಳುವಾಗುವುದು ಕಡಿಮೆ) 120ಕ್ಕೋ ಅದರ ಮೇಲಕ್ಕೋ ಏರಿಸಿದ್ದು. ನಾಲ್ಕನೆಯದು ಪಾಲಿಆಲ್ಫಾಓಲೆಫಿನ್, ಅಂದರೆ ಪಿಎಓ. ಎಸ್ಟರ್ ಮೊದಲಾದ ಉಳಿದೆಲ್ಲವೂ ಐದನೆಯದು. ಮೊದಮೊದಲು ಸಿಂಥೆಟಿಕ್ ಎಂದರೆ ನಾಲ್ಕು ಮತ್ತು ಐದನೆಯ ಗುಂಪು ಎಂದೇ ಅರ್ಥ. ಕ್ಯಾಸ್ಟ್ರಾಲ್ ತನ್ನ ಸಿಂಟೆಕ್ ಎಣ್ಣೆಯಲ್ಲಿ ಮೂರನೆಯ ಗುಂಪನ್ನು ಬಳಸಿ ಸಿಂಥೆಟಿಕ್ ಎಂದಾಗ ಮೊಬಿಲ್ ಆಕ್ಷೇಪ ಎತ್ತಿತು. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಜಾಹೀರಾತು ವಿಭಾಗ ಹಾಗೆ ಕರೆಯಲು ಅಡ್ಡಿಯಿಲ್ಲ ಎಂದಿತು. ಅಲ್ಲಿಂದಾಚೆಗೆ 'ಫುಲ್ಲಿ ಸಿಂಥೆಟಿಕ್' ಡಬ್ಬಿಗಳಲ್ಲಿ ಬಹುಪಾಲು ಮೂರನೆಯ ಗುಂಪಿನವೇ. ಇದನ್ನು ಮೋಸ ಎಂದು ನಾನು ಹೇಳಲಾರೆ, ಏಕೆಂದರೆ ಒಳ್ಳೆಯ ಮೂರನೆಯ ಗುಂಪಿನ ಎಣ್ಣೆ ಹಲವು ಅಳತೆಗಳಲ್ಲಿ ಪಿಎಓಗೆ ಹತ್ತಿರ ನಿಲ್ಲುತ್ತದೆ. 'ಸೆಮಿ ಸಿಂಥೆಟಿಕ್' ಎಂಬುದರಲ್ಲಿ ಮಾತ್ರ ಎಷ್ಟು ಪಾಲು ಸಿಂಥೆಟಿಕ್ ಎಂದು ಡಬ್ಬಿ ನೋಡಿ ಹೇಳಲಾಗದು. ಅರ್ಧ ಎಂದುಕೊಳ್ಳಬೇಡಿ.

ಸಿಂಥೆಟಿಕ್ ನಿಜವಾಗಿ ಗೆಲ್ಲುವುದು ಎರಡು ತುದಿಗಳಲ್ಲಿ, ಕೊರೆಯುವ ಚಳಿಯಲ್ಲಿ ಮತ್ತು ಸುಡುವ ಬಿಸಿಯಲ್ಲಿ.

ಚಳಿಯ ತುದಿಗೆ ಎಸ್‌ಎಇ ಜೆ300 ಮಾನದಂಡವೇ ಅಳತೆಗೋಲು. 5ಡಬ್ಲ್ಯೂ-40ರಂಥ ಗ್ರೇಡಿನಲ್ಲಿ ಡಬ್ಲ್ಯೂಗೆ ಮೊದಲು ಬರುವ ಅಂಕಿ ಚಳಿಯದು, ಆಮೇಲೆ ಬರುವುದು ಬಿಸಿಯದು. ಎಂಜಿನ್ ತಿರುಗಿಸಲು ಎಷ್ಟು ಕಷ್ಟ ಎಂಬ ಪರೀಕ್ಷೆಯನ್ನು 0ಡಬ್ಲ್ಯೂಗೆ ಮೈನಸ್ 35 ಡಿಗ್ರಿಯಲ್ಲಿ, 5ಡಬ್ಲ್ಯೂಗೆ ಮೈನಸ್ 30ರಲ್ಲಿ, 15ಡಬ್ಲ್ಯೂಗೆ ಮೈನಸ್ 20ರಲ್ಲಿ, 20ಡಬ್ಲ್ಯೂಗೆ ಮೈನಸ್ 15ರಲ್ಲಿ ಮಾಡುತ್ತಾರೆ. ಪಂಪಿಗೆ ಎಣ್ಣೆ ಹರಿಯುತ್ತದೆಯೇ ಎಂಬ ಪರೀಕ್ಷೆ ಅದಕ್ಕೂ ಐದು ಡಿಗ್ರಿ ಕೆಳಗೆ. ಮಿನರಲ್ ಆಯಿಲಿನಲ್ಲಿರುವ ಮೇಣದ ಅಂಶ ಚಳಿಗೆ ಹರಳುಗಟ್ಟುತ್ತದೆ. ಪಂಪಿನ ಬಾಯಿಯ ಸುತ್ತಲಿನ ಎಣ್ಣೆ ಎಳೆದುಕೊಂಡು ಹೋದ ಮೇಲೆ ಉಳಿದದ್ದು ಅಲುಗದೆ ನಿಂತುಬಿಟ್ಟರೆ ಪಂಪು ಗಾಳಿ ಎಳೆಯುತ್ತದೆ. ಕೆಲವೇ ನಿಮಿಷದಲ್ಲಿ ಬೇರಿಂಗ್ ಹೋಗುತ್ತದೆ. ಪಿಎಓಗೆ ಮೇಣವೇ ಇಲ್ಲ.

ನೀರು ಹೆಪ್ಪುಗಟ್ಟದ ಊರುಗಳಲ್ಲಿ ಈ ಭಯವಿಲ್ಲ. ಹಾಗೆಂದು ಚಳಿಯ ಅಂಕಿ ಅಲ್ಲಿ ದಂಡವೂ ಅಲ್ಲ. 15ಡಬ್ಲ್ಯೂ-40 ಎಣ್ಣೆಯ ಸ್ನಿಗ್ಧತೆ 100 ಡಿಗ್ರಿಯಲ್ಲಿ ಸುಮಾರು 14 ಸೆಂಟಿಸ್ಟೋಕ್ಸ್ ಇದ್ದರೆ, 40 ಡಿಗ್ರಿಯಲ್ಲಿ ಸುಮಾರು 110. ಎಂಜಿನ್ನಿಗೆ 40 ಡಿಗ್ರಿ ಎಂದರೂ ತಣ್ಣಗೇ. ಬೇಸಿಗೆಯ ಬೆಳಗಿನಲ್ಲೂ ಎಣ್ಣೆ ಬೇಕಾದ್ದಕ್ಕಿಂತ ಹಲವು ಪಟ್ಟು ದಪ್ಪ ಇರುತ್ತದೆ. 5ಡಬ್ಲ್ಯೂ ಎಂದರೆ ತಣ್ಣಗಿದ್ದಾಗ ತೆಳು ಎಂದಲ್ಲ, ಉಳಿದವುಗಳಿಗಿಂತ ಕಡಿಮೆ ದಪ್ಪ ಎಂದಷ್ಟೇ. ಅದು ಮೇಲಿನ ಕ್ಯಾಮ್‌ಶಾಫ್ಟಿನವರೆಗೆ ಬೇಗ ತಲುಪುತ್ತದೆ. ಸ್ಟಾರ್ಟ್ ಮಾಡಿ ನಿಂತಲ್ಲೇ ಐದು ನಿಮಿಷ ಎಂಜಿನ್ ಓಡಿಸುವುದರಿಂದ ಲಾಭವಿಲ್ಲ, ನಷ್ಟವಿದೆ. ತಣ್ಣನೆಯ ಎಂಜಿನ್ನಿಗೆ ಹೆಚ್ಚು ಇಂಧನ ಹೋಗುತ್ತದೆ, ಅದು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ. ಅರ್ಧ ನಿಮಿಷ ಬಿಟ್ಟು ಹೊರಡಿ. ಹತ್ತು ಹದಿನೈದು ನಿಮಿಷ ಆಕ್ಸಿಲರೇಟರ್ ಜೋರಾಗಿ ತುಳಿಯಬೇಡಿ. ನೀರಿನ ಮುಳ್ಳು ನಡುವಿಗೆ ಬಂದ ಮಾತ್ರಕ್ಕೆ ಎಣ್ಣೆ ಬಿಸಿಯಾಯಿತು ಎಂದಲ್ಲ, ಅದು ನೀರಿಗಿಂತ ನಿಧಾನ.

ಬಿಸಿಯ ತುದಿಯಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ತಾಪ ಪ್ರತಿ ಹತ್ತು ಡಿಗ್ರಿ ಏರಿದಂತೆ ಎಣ್ಣೆ ಆಮ್ಲಜನಕದ ಜೊತೆ ಕೂಡುವ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಟರ್ಬೊ ಇರುವ ಎಂಜಿನ್ ಏರು ಹತ್ತಿ ಬಂದು ತಟ್ಟನೆ ನಿಂತರೆ, ಟರ್ಬೈನಿನ ಬಿಸಿ ಬೇರಿಂಗಿನಲ್ಲಿ ನಿಂತ ಎಣ್ಣೆಗೆ ಏರುತ್ತದೆ. ಎಣ್ಣೆ ಅಲ್ಲೇ ಕರಕಲಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಏಕರೂಪದ ಅಣುಗಳ ಸಿಂಥೆಟಿಕ್ ಇಲ್ಲಿ ಬಹಳ ಹೊತ್ತು ತಾಳುತ್ತದೆ. ಇಂಥ ಎಂಜಿನ್ನಿಗೆ ಮಿನರಲ್ ಹಾಕುವುದು ತಪ್ಪು ಎಂದೇ ನನ್ನ ತೀರ್ಮಾನ. ಜೊತೆಗೆ, ಜೋರು ಓಟದ ನಂತರ ಒಂದು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ.

ಆವಿಯಾಗುವಿಕೆಯ ಲೆಕ್ಕವೂ ಇದೆ. ನೊವಾಕ್ ಪರೀಕ್ಷೆಯಲ್ಲಿ ಎಣ್ಣೆಯನ್ನು 250 ಡಿಗ್ರಿಯಲ್ಲಿ ಒಂದು ತಾಸು ಇಟ್ಟು ಎಷ್ಟು ಹಾರಿತು ಎಂದು ತೂಗುತ್ತಾರೆ. ಐಎಲ್‌ಎಸ್‌ಎಸಿ ಮಾನದಂಡದಲ್ಲಿ ಶೇ. 15ರವರೆಗೆ ಬಿಡುತ್ತಾರೆ, ಯುರೋಪಿನ ವಾಹನ ತಯಾರಕರ ಸಂಘವಾದ ಎಸಿಇಎಯ ಎ3/ಬಿ4 ದರ್ಜೆಯಲ್ಲಿ ಶೇ. 13. ಮೊದಲು ಹಾರಿಹೋಗುವುದು ಹಗುರ ಅಣುಗಳು. ಉಳಿದ ಎಣ್ಣೆ ದಪ್ಪವಾಗುತ್ತದೆ, ಮಟ್ಟ ಇಳಿಯುತ್ತದೆ, ಹಾರಿದ್ದು ಇಂಟೇಕ್ ವಾಲ್ವಿನ ಬೆನ್ನಿನ ಮೇಲೆ ಕರಿಯಾಗಿ ಕೂರುತ್ತದೆ. ಎಣ್ಣೆ ಕೊಳ್ಳುವಾಗ ತಯಾರಕರ ಮಾಹಿತಿ ಪತ್ರದಲ್ಲಿ ಈ ಅಂಕಿ ಸಿಕ್ಕರೆ ಖಂಡಿತ ನೋಡಿ. ಒಂದಂಕಿಯಲ್ಲಿದ್ದರೆ ಮೂಲ ಎಣ್ಣೆ ಒಳ್ಳೆಯದು.

ಇನ್ನೊಂದು, ಯಾರೂ ಅಷ್ಟಾಗಿ ಗಮನಿಸದ ಸಂಗತಿ. ಮಿನರಲ್ ಆಯಿಲ್ ಬಿಸಿಗೆ ಬೇಗ ತೆಳುವಾಗುವುದರಿಂದ ಅದನ್ನು ಚಳಿಗೂ ಬಿಸಿಗೂ ಒಗ್ಗುವ ಮಲ್ಟಿಗ್ರೇಡ್ ಮಾಡಲು ಹೆಚ್ಚು ಪಾಲಿಮರ್ ಬೆರೆಸಬೇಕು. ಆ ಉದ್ದನೆಯ ಪಾಲಿಮರ್ ಸರಪಳಿಗಳನ್ನು ಗೇರಿನ ಹಲ್ಲುಗಳೂ ಪಂಪೂ ಕತ್ತರಿಸುತ್ತ ಹೋಗುತ್ತವೆ. 40 ಎಂದು ಸುರಿದ ಎಣ್ಣೆ ಕೆಲವು ಸಾವಿರ ಕಿಲೋಮೀಟರಿಗೆ 30 ಆಗಿರಬಹುದು. ಗೇರ್‌ಬಾಕ್ಸಿಗೂ ಅದೇ ಎಣ್ಣೆ ಹೋಗುವ ಬೈಕುಗಳಲ್ಲಿ ಇದು ಬೇಗ ಆಗುತ್ತದೆ, ಗೇರ್ ಬದಲಿಸುವಾಗ ಕಟಕಟ ಎನ್ನುವುದು ಮೊದಲ ಸುಳಿವು. ವಿಸ್ಕಾಸಿಟಿ ಇಂಡೆಕ್ಸ್ ಹುಟ್ಟಿನಿಂದಲೇ ಹೆಚ್ಚಿರುವ ಸಿಂಥೆಟಿಕ್ಕಿಗೆ ಪಾಲಿಮರ್ ಕಡಿಮೆ ಸಾಕು. ಬಿಸಿಯಲ್ಲಿ, ಜೋರು ಎಳೆತದಲ್ಲಿ ಪದರ ಎಷ್ಟು ದಪ್ಪ ಉಳಿಯುತ್ತದೆ ಎನ್ನುವುದಕ್ಕೆ ಎಚ್‌ಟಿಎಚ್‌ಎಸ್ ಎಂಬ ಅಳತೆಯಿದೆ, 150 ಡಿಗ್ರಿಯಲ್ಲಿ ನೋಡುವುದು. 20 ಗ್ರೇಡಿಗೆ ಕನಿಷ್ಠ 2.6, 30ಕ್ಕೆ 2.9, 5ಡಬ್ಲ್ಯೂ-40ಕ್ಕೆ 3.5, 15ಡಬ್ಲ್ಯೂ-40ಕ್ಕೆ 3.7. 0ಡಬ್ಲ್ಯೂ-20ಕ್ಕೆಂದೇ ಸಂದು, ಪಂಪು, ಬೇರಿಂಗ್ ಹೊಂದಿಸಿದ ಎಂಜಿನ್ನಿಗೆ 2.6 ಸಾಕು. ಹಳೆಯ ವಿನ್ಯಾಸದ ಎಂಜಿನ್ನಿಗೆ ಮೈಲೇಜ್ ಆಸೆಯಿಂದ ಅದನ್ನು ಹಾಕಿದರೆ, ಎಷ್ಟೇ ಉತ್ತಮ ಸಿಂಥೆಟಿಕ್ ಆದರೂ ಬೇರಿಂಗ್ ಸವೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಎಂಜಿನ್ ಸವೆತದ ದೊಡ್ಡ ಅಪರಾಧಿ ಎಣ್ಣೆಯ ಬಗೆಯಲ್ಲ, ಧೂಳು. ಮರಳಿನ ಕಣ ಮೋಸ್ ಮಾಪಕದಲ್ಲಿ 7ರಷ್ಟು ಗಟ್ಟಿ. ಎಣ್ಣೆಯ ಪದರದಷ್ಟೇ ಗಾತ್ರದ ಕಣ, ಅಂದರೆ ಐದರಿಂದ ಇಪ್ಪತ್ತು ಮೈಕ್ರಾನಿನದು, ಅತಿ ಕೆಟ್ಟದ್ದು. ಅದಕ್ಕಿಂತ ಸಣ್ಣದು ಪದರದೊಳಗೆ ಹಾಯ್ದುಹೋಗುತ್ತದೆ, ದೊಡ್ಡದನ್ನು ಫಿಲ್ಟರ್ ಹಿಡಿಯುತ್ತದೆ. ಏರ್ ಫಿಲ್ಟರ್ ಸರಿಯಾಗಿ ಕೂರದೆ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟರೂ ಸಾಕು, ರಿಂಗು ಮತ್ತು ಸಿಲಿಂಡರ್ ಮರಳುಕಾಗದದಲ್ಲಿ ತಿಕ್ಕಿದಂತೆ ಸವೆಯುತ್ತವೆ. ಫಿಲ್ಟರ್ ತೆಗೆದಾಗ ಅದರ ಎಂಜಿನ್ ಕಡೆಯ ಕೊಳವೆಯೊಳಗೆ ಬೆರಳಾಡಿಸಿ ನೋಡಿ. ಬೆರಳಿಗೆ ಹುಡಿ ಹತ್ತಿದರೆ ಗಾಳಿ ಸೋಸದೆ ಒಳಹೋಗುತ್ತಿದೆ ಎಂದೇ ಅರ್ಥ. ಫಿಲ್ಟರನ್ನು ಕಂಪ್ರೆಸರ್ ಗಾಳಿಯಿಂದ ಜೋರಾಗಿ ಊದಿ ಮತ್ತೆ ಹಾಕುವ ಅಭ್ಯಾಸವೂ ಕೆಟ್ಟದ್ದೇ, ಕಾಗದದ ಎಳೆಗಳು ಹರಿದು ಧೂಳಿಗೆ ದಾರಿಯಾಗುತ್ತದೆ. ಬಳಸಿದ ಎಣ್ಣೆಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಸಿಲಿಕಾನ್ ಮತ್ತು ಕಬ್ಬಿಣ ಒಟ್ಟಿಗೆ ಏರಿರುವುದು ಇದರ ಗುರುತು. ಸೋಡಿಯಂ, ಪೊಟ್ಯಾಸಿಯಂ ಏರಿದ್ದರೆ ಕೂಲಂಟ್ ಸೋರಿಕೆ. ಸೀಸ, ತಾಮ್ರ, ತವರ ಏರಿದ್ದರೆ ಬೇರಿಂಗ್. ಒಂದು ವರದಿಯ ಅಂಕಿಗೆ ಹೆದರಬೇಡಿ, ಸಾವಿರ ಕಿಲೋಮೀಟರಿಗೆ ಎಷ್ಟು ಏರಿತು ಎಂದು ಮೂರು ನಾಲ್ಕು ವರದಿ ಪಕ್ಕಪಕ್ಕ ಇಟ್ಟು ನೋಡಿ.

ಎರಡನೆಯ ಅಪರಾಧಿ ಸಣ್ಣ ಓಡಾಟ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ರಿಂಗ್ ದಾಟಿ ಕೆಳಗಿಳಿಯುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದರೆ ಅದು ಹಾರಿಹೋಗುತ್ತದೆ, ಎರಡು ಮೂರು ಕಿಲೋಮೀಟರಿಗೆ ನಿಂತುಬಿಟ್ಟರೆ ಎಣ್ಣೆಯಲ್ಲೇ ಉಳಿದು ಆಮ್ಲವಾಗುತ್ತದೆ. ಎಣ್ಣೆ ಹಾಕುವ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ನೊರೆ ಕಂಡರೆ ಮೊದಲು ಇದನ್ನು ಅನುಮಾನಿಸಿ, ಹೆಡ್ ಗ್ಯಾಸ್ಕೆಟನ್ನು ಆಮೇಲೆ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಪೆಟ್ರೋಲೂ ಎಣ್ಣೆಗಿಳಿದು ಅದನ್ನು ತೆಳು ಮಾಡುತ್ತದೆ. ಡಿಪ್‌ಸ್ಟಿಕ್ ಮೂಸಿದರೆ ವಾಸನೆ ಗೊತ್ತಾಗುತ್ತದೆ, ಮಟ್ಟ ತಾನಾಗಿ ಏರಿದಂತೆ ಕಾಣುತ್ತದೆ. ನೀರಿಗೂ ಇಂಧನಕ್ಕೂ ಸಿಂಥೆಟಿಕ್, ಮಿನರಲ್ ಎಂಬ ಭೇದವಿಲ್ಲ. ಹೀಗೆ ಓಡುವ ಗಾಡಿಗೆ ಕೈಪಿಡಿ 10,000 ಕಿ.ಮೀ. ಎಂದಿದ್ದರೆ 5,000ಕ್ಕೇ ಎಣ್ಣೆ ಬದಲಿಸಿ. ಓಟ ಎಷ್ಟೇ ಕಡಿಮೆ ಇರಲಿ, ವರ್ಷಕ್ಕೊಮ್ಮೆ ಬದಲಿಸಿಯೇ ತೀರಬೇಕು.

'ಸಿಂಥೆಟಿಕ್ ಹಾಕಿದ್ದೇನೆ, ಇನ್ನು 20,000 ಕಿ.ಮೀ. ಚಿಂತೆಯಿಲ್ಲ' ಎಂಬ ನೆಮ್ಮದಿ ಎಷ್ಟೋ ಎಂಜಿನ್ನುಗಳನ್ನು ತಿಂದಿದೆ. ಮೂಲ ಎಣ್ಣೆ ಗಟ್ಟಿಯಾಗಿರಬಹುದು. ಆದರೆ ಆಮ್ಲವನ್ನು ತಣಿಸುವ ಕ್ಷಾರದ ಸಂಗ್ರಹ, ಅಂದರೆ ಟಿಬಿಎನ್, ತೀರುತ್ತ ಬರುತ್ತದೆ. ಮಸಿಯನ್ನು ಎಣ್ಣೆಯಲ್ಲಿ ತೇಲಿಸಿಟ್ಟುಕೊಳ್ಳುವ ಡಿಸ್ಪರ್ಸೆಂಟ್ ತುಂಬಿಹೋಗುತ್ತದೆ, ಫಿಲ್ಟರ್ ಕಟ್ಟಿ ಬೈಪಾಸ್ ವಾಲ್ವ್ ತೆರೆದು ಸೋಸದ ಎಣ್ಣೆಯೇ ಬೇರಿಂಗಿಗೆ ಹೋಗುತ್ತದೆ. ಸಮಯಕ್ಕೆ ಬದಲಿಸಿದ ಮಿನರಲ್ ಆಯಿಲ್, ಮರೆತುಬಿಟ್ಟ ಸಿಂಥೆಟಿಕ್ಕಿಗಿಂತ ಎಷ್ಟೋ ಮೇಲು. ಅಂದಹಾಗೆ ಎಣ್ಣೆ ಕಪ್ಪಾಗುವುದು ಕೆಟ್ಟಿದ್ದರ ಗುರುತಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಮೊದಲ ದಿನವೇ ಕಪ್ಪಾಗುತ್ತದೆ, ಮಸಿ ಗೋಡೆಗೆ ಅಂಟದೆ ಎಣ್ಣೆಯಲ್ಲಿ ತೇಲುತ್ತಿದೆ ಎಂದಷ್ಟೇ ಅರ್ಥ.

ಆಯ್ಕೆ ಮಾಡುವಾಗ ಮೊದಲು ಕೈಪಿಡಿಯ ಗ್ರೇಡ್, ಆಮೇಲೆ ಎಪಿಐ, ಎಸಿಇಎ ಮೊದಲಾದವರ ದರ್ಜೆ, ಕೊನೆಯಲ್ಲಿ ಸಿಂಥೆಟಿಕ್ಕೋ ಅಲ್ಲವೋ. ದರ್ಜೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕೆಲವು ಉದಾಹರಣೆ. ಡೈರೆಕ್ಟ್ ಇಂಜೆಕ್ಷನ್ ಇರುವ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನಿಗೆ, ಕ್ಯಾಲ್ಸಿಯಂ ಡಿಟರ್ಜೆಂಟ್ ಹೆಚ್ಚಿರುವ ಹಳೆಯ ದರ್ಜೆಯ ಎಣ್ಣೆ ಹಾಕಿದರೆ ಕಡಿಮೆ ವೇಗದಲ್ಲಿ ಅಕಾಲಿಕ ದಹನ ನಡೆದು ಪಿಸ್ಟನ್ ಒಡೆಯಬಹುದು. 2020ರ ಎಪಿಐ ಎಸ್‌ಪಿ ದರ್ಜೆ ಇದನ್ನೂ ಟೈಮಿಂಗ್ ಚೈನ್ ಸವೆತವನ್ನೂ ಪರೀಕ್ಷಿಸುತ್ತದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಇರುವ ಡೀಸೆಲ್ ಗಾಡಿಗೆ ಬೂದಿ ಕಡಿಮೆ ಬರುವ ಎಸಿಇಎ ಸಿ ಸರಣಿಯ ಎಣ್ಣೆಯೇ ಬೇಕು, ಇಲ್ಲದಿದ್ದರೆ ಬೂದಿ ಫಿಲ್ಟರಿನಲ್ಲಿ ಕೂತು ಮತ್ತೆ ಸುಟ್ಟರೂ ಹೋಗುವುದಿಲ್ಲ. ಕ್ಲಚ್ ಎಣ್ಣೆಯಲ್ಲೇ ಮುಳುಗಿರುವ ಬೈಕಿಗೆ ಜಪಾನಿನ ಜಾಸೊ ಮಾನದಂಡದ ಎಂಎ ಅಥವಾ ಎಂಎ2 ಗುರುತು ನೋಡಿ. ಕಾರಿನ ಎಣ್ಣೆಯಲ್ಲಿ ತಿಕ್ಕಾಟ ಇಳಿಸುವ ಅಂಶ ಹೆಚ್ಚಿದ್ದರೆ ಕ್ಲಚ್ ಜಾರುತ್ತದೆ, ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಚಪ್ಪಟೆ ಟ್ಯಾಪೆಟ್ಟಿನ ಹಳೆಯ ಎಂಜಿನ್ನುಗಳ ಸಮಸ್ಯೆ ತಿರುಗುಮುರುಗು. ಕ್ಯಾಟಲಿಟಿಕ್ ಕನ್ವರ್ಟರಿಗೆ ಹಾನಿಯಾಗದಿರಲೆಂದು ಈಗಿನ ತೆಳು ಗ್ರೇಡಿನ ಎಣ್ಣೆಗಳಲ್ಲಿ ಜಡ್‌ಡಿಡಿಪಿಯಿಂದ ಬರುವ ರಂಜಕವನ್ನು 600ರಿಂದ 800 ಪಿಪಿಎಂಗೆ ಕಟ್ಟಿಹಾಕಿದ್ದಾರೆ. ಆ ಹಳೆಯ ಕ್ಯಾಮಿಗೆ 1,000 ದಾಟಿದ್ದು ಬೇಕು.

ಮಿನರಲ್‌ನಿಂದ ಸಿಂಥೆಟಿಕ್ಕಿಗೆ ಹೋಗುವುದಕ್ಕಾಗಲಿ, ಹಿಂದಿರುಗುವುದಕ್ಕಾಗಲಿ ಅಡ್ಡಿಯಿಲ್ಲ. ಎರಡೂ ಬೆರೆಯುತ್ತವೆ. ತುರ್ತಿನಲ್ಲಿ ಅರ್ಧ ಲೀಟರ್ ಬೇರೆಯದು ಸೇರಿಸಿದರೆ ಎಂಜಿನ್ ಕೆಡುವುದಿಲ್ಲ, ಎಣ್ಣೆ ಕಡಿಮೆ ಇಟ್ಟು ಓಡಿಸಿದರೆ ಕೆಡುತ್ತದೆ. ನಾಲ್ಕು ಲೀಟರ್ ಹಿಡಿಯುವ ಎಂಜಿನ್ನಿನಲ್ಲಿ ಮೂರೇ ಇದ್ದರೆ, ತಿರುವಿನಲ್ಲಿ ಎಣ್ಣೆ ಒಂದು ಕಡೆ ಸರಿದು ಪಂಪು ಗಾಳಿ ಕುಡಿಯಬಹುದು. ಸಿಂಥೆಟಿಕ್ ಹಾಕಿದರೆ ಸೋರುತ್ತದೆ ಎಂಬ ಮಾತು ಪೂರಾ ಸುಳ್ಳಲ್ಲ. ಪಿಎಓ ಒಂದೇ ಇದ್ದರೆ ರಬ್ಬರ್ ಸೀಲ್ ಕುಗ್ಗುತ್ತದೆ, ಅದಕ್ಕೇ ಸೀಲನ್ನು ಉಬ್ಬಿಸುವ ಎಸ್ಟರ್ ಬೆರೆಸುತ್ತಾರೆ. ಈಗ ಸೋರಿಕೆ ಕಂಡರೆ, ಆಗಲೇ ಸತ್ತ ಸೀಲಿನ ಬಿರುಕನ್ನು ಮುಚ್ಚಿದ್ದ ಕಿಟ್ಟ ಕರಗಿದೆ ಎಂದು ತಿಳಿಯಿರಿ. ಒಳಗೆಲ್ಲ ಕಿಟ್ಟ ಕಟ್ಟಿದ ಎಂಜಿನ್ನಿಗೆ ಫ್ಲಷ್ ದ್ರವ ಸುರಿಯಬೇಡಿ. ಚೂರುಚೂರಾಗಿ ಎದ್ದ ಕಿಟ್ಟ ಪಂಪಿನ ಜಾಲರಿಯನ್ನು ಕಟ್ಟುತ್ತದೆ. ಒಳ್ಳೆಯ ಎಣ್ಣೆ ಹಾಕಿ, 2,000 ಕಿ.ಮೀ.ಗೊಮ್ಮೆ ಎರಡು ಮೂರು ಸಲ ಬದಲಿಸುತ್ತ ನಿಧಾನವಾಗಿ ತೊಳೆಯಿರಿ.

ಬದಲಿಸುವ ಕೆಲಸದಲ್ಲಿ ತಪ್ಪುಗಳು ಸಣ್ಣವು, ಫಲ ದೊಡ್ಡದು. ಎಂಜಿನ್ ಬೆಚ್ಚಗಿರುವಾಗ, ಸಮತಟ್ಟಾದ ಜಾಗದಲ್ಲಿ ಹಳೆಯ ಎಣ್ಣೆ ಇಳಿಸಿ, ಹದಿನೈದು ನಿಮಿಷ ಸೋರಲು ಬಿಡಿ. ಕೈಗೆ ಗ್ಲೌಸ್ ಇರಲಿ, ಬಳಸಿದ ಎಣ್ಣೆ ಚರ್ಮಕ್ಕೆ ಒಳ್ಳೆಯದಲ್ಲ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, ಮೊದಲ ನಾಲ್ಕೈದು ಸುತ್ತು ಬೆರಳಿನಲ್ಲೇ ತಿರುಗಿಸಿ. ಎಣ್ಣೆ ನಿಲ್ಲುವ ತಳದ ತೊಟ್ಟಿ, ಅಂದರೆ ಸಂಪ್, ಅಲ್ಯೂಮಿನಿಯಂನದಾಗಿದ್ದು ಅದರ ಬೋಲ್ಟಿನ ಮರೆ ಒಮ್ಮೆ ಹೋದರೆ ತಲೆನೋವು. ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿ ಉಳಿದಿದೆಯೇ ಎಂದು ಬೆರಳಿನಿಂದ ತಡವಿ ನೋಡಿ. ಎರಡು ಉಂಗುರ ಒಂದರ ಮೇಲೊಂದು ಕೂತರೆ ದಾರಿಯಲ್ಲಿ ಎಣ್ಣೆಯೆಲ್ಲ ಹೊರಚೆಲ್ಲಿ ಎಂಜಿನ್ ಕಚ್ಚುತ್ತದೆ. ಹೊಸ ಉಂಗುರಕ್ಕೆ ಎಣ್ಣೆ ಸವರಿ, ತಾಗಿದ ಮೇಲೆ ಮುಕ್ಕಾಲು ಸುತ್ತು ಕೈಯಿಂದಲೇ ಬಿಗಿಮಾಡಿ. ಕೈಪಿಡಿಯ ಅಳತೆಗಿಂತ ಕಾಲು ಲೀಟರ್ ಕಡಿಮೆ ಸುರಿದು, ಎಂಜಿನ್ ಓಡಿಸಿ, ಎಣ್ಣೆಯ ಒತ್ತಡದ ದೀಪ ಆರುವವರೆಗೆ ಆಕ್ಸಿಲರೇಟರ್ ಮುಟ್ಟದೆ ಕಾಯಿರಿ. ನಿಲ್ಲಿಸಿ ಹತ್ತು ನಿಮಿಷದ ಮೇಲೆ ಡಿಪ್‌ಸ್ಟಿಕ್ ನೋಡಿ ಉಳಿದದ್ದು ತುಂಬಿಸಿ. ಮೇಲಿನ ಗೆರೆ ದಾಟಿಸಬೇಡಿ. ತಿರುಗುವ ಕ್ರ್ಯಾಂಕ್ ಎಣ್ಣೆಯನ್ನು ಕಡೆದರೆ ನೊರೆ ಬರುತ್ತದೆ, ಗುಳ್ಳೆ ತುಂಬಿದ ಎಣ್ಣೆ ಹೊರೆ ಹೊರಲಾರದು.

ತೆಗೆದ ಫಿಲ್ಟರನ್ನು ಎಸೆಯುವ ಮುನ್ನ ಕತ್ತರಿಸಿ, ಒಳಗಿನ ಮಡಿಕೆಗಳನ್ನು ಬಿಡಿಸಿ, ಹಿಂಡಿ, ಬಿಳಿ ಕಾಗದದ ಮೇಲೆ ಹರಡಿ ಬಿಸಿಲಿಗೆ ಹಿಡಿಯಿರಿ. ಕರಿಯ ಇಂಗಾಲದ ಚೂರು ಇದ್ದೇ ಇರುತ್ತದೆ. ಮ್ಯಾಗ್ನೆಟ್ಟಿಗೆ ಅಂಟುವ ನುಣ್ಣನೆಯ ಹುಡಿ ಹೊಸ ಎಂಜಿನ್ನಿನ ಮೊದಲ ಬದಲಾವಣೆಯಲ್ಲಾದರೆ ಸಹಜ. ಮ್ಯಾಗ್ನೆಟ್ಟಿಗೆ ಅಂಟದ, ತಾಮ್ರದ ಬಣ್ಣದ ಹೊಳೆಯುವ ಚಕ್ಕೆಗಳು ಕಂಡವೆಂದರೆ ಬೇರಿಂಗ್ ಷೆಲ್ಲಿನ ಮೇಲಿನ ಪದರ ಹೋಗಿ ಕೆಳಗಿನದು ಏಳುತ್ತಿದೆ. ಆಗ ಇನ್ನೊಂದು ಡಬ್ಬಿ ಎಣ್ಣೆ ತರಬೇಡಿ, ಗಾಡಿ ಓಡಿಸುವುದನ್ನೂ ನಿಲ್ಲಿಸಿ. ಸಂಪ್ ಬಿಚ್ಚಿ ಷೆಲ್ಲುಗಳನ್ನು ನೋಡಿಸಿ. ಕ್ರ್ಯಾಂಕ್‌ಶಾಫ್ಟಿಗೆ ಗೆರೆ ಬೀಳುವ ಮೊದಲು ಬಿಚ್ಚಿದರೆ ಷೆಲ್ ಬದಲಿಸಿದಷ್ಟಕ್ಕೇ ಕೆಲಸ ಮುಗಿಯಬಹುದು.